ಎಲ್ಲರೂ ಕೂರುವಷ್ಟು ಜಾಗ

ಆ ಮನೆಗೆ ಇದ್ದದ್ದು ಒಂದೇ ಕೋಣೆ. ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಅಡುಗೆಮನೆ, ಬಾಗಿಲು ತೆರೆದರೆ ನೇರ ಮೆಟ್ಟಿಲು. ವಾರವೆಲ್ಲ ಗಂಡ ಹೆಂಡತಿ ಇಬ್ಬರೇ ಇರುತ್ತಿದ್ದ ಅಲ್ಲಿ, ಭಾನುವಾರ ಬಂತೆಂದರೆ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದಷ್ಟು ಜನ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನ ಜೊತೆ ಕೆಲಸ ಮಾಡುವ ಇಬ್ಬರು ಮೂವರು ಬರುತ್ತಿದ್ದರು. ಅವರಲ್ಲೊಬ್ಬ ಆನೆಮರಿಯಂತಿದ್ದ, ಅವನು ಕಾಲಿಟ್ಟರೆ ಸಾಕು ಲಿಫ್ಟ್ ಕಿರುಚಿಕೊಳ್ಳುತ್ತದೆ ಎಂದು ಎಲ್ಲರೂ ಅವನನ್ನು ‘ಓವರ್‌ಲೋಡ್’ ಎಂದೇ ಕರೆಯುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ತನ್ನ ಕುರ್ಚಿಯನ್ನು ತಾನೇ ಹೊತ್ತುಕೊಂಡು ಮೇಲೆ ಬರುತ್ತಿದ್ದಳು. ಇನ್ನು ಹೆಂಡತಿಯ ತಂಗಿ, ತಂಗಿಯ ಗಂಡ, ಅವರ ಮಗಳು ಪುಟ್ಟಿ, ಇವರಂತೂ ಒಂದು ವಾರವೂ ತಪ್ಪಿಸಿದವರಲ್ಲ. ತಾಯಿ ತೀರಿಕೊಂಡ ಮೇಲೆ ತಂಗಿಗೆ ತವರು ಎಂದರೆ ಅಕ್ಕನ ಆ ಒಂದು ಕೋಣೆಯೇ.

ಒಂದು ಭಾನುವಾರ ಒಳಗೆ ಜಾಗ ಸಾಲದೆ ಓವರ್‌ಲೋಡ್ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತ. ಮೇಲಿನ ಮನೆಯವರು ಯಾರೋ ದಡದಡ ಇಳಿದು ಬಂದು, ಕಾಲು ತಗುಲಿ ತಟ್ಟೆ ಉರುಳಿ ಅನ್ನವೆಲ್ಲ ಮೆಟ್ಟಿಲ ಪಾಲಾಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಂಗಿಯ ಗಂಡ, “ಅಕ್ಕಾ, ನಿಮ್ಮನೆಗೆ ಊಟಕ್ಕೆ ಬರ್ಬೇಕಾದ್ರೆ ಮೊಣಕೈ ಮನೇಲಿಟ್ಟು ಬರ್ಬೇಕು ನೋಡಿ” ಅಂದ.

ಅಕ್ಕನೂ ನಕ್ಕಳು. ಆದರೆ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುವಾಗ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಮಗುವಿನ ಆಸೆ ಮದುವೆಯಾದ ಮೊದಲ ಮೂರ್ನಾಲ್ಕು ವರ್ಷಗಳಲ್ಲೇ ಡಾಕ್ಟರ ಮುಂದೆ ಕೂತು ಎದ್ದು ಬಂದ ಮೇಲೆ ಮುಗಿದ ಕತೆಯಾಗಿತ್ತು. ಮನೆ ತುಂಬಬೇಕಾದರೆ ಈ ಜನವೇ ತುಂಬಬೇಕು.

“ರೀ, ನಾವೊಂದು ದೊಡ್ಡ ಮನೆ ತಗೋಬೇಕು” ಅಂದಳು. “ಎಲ್ಲರೂ ಕೂರುವಷ್ಟು ಜಾಗ ಇರೋದು.”

ಗಂಡ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಯೋಚಿಸಿ, “ತಗೊಳ್ಳೋಣ” ಅಂದ. ಅವನು ಸುಮ್ಮನೆ ಮಾತು ಕೊಡುವವನಲ್ಲ.

ಮೊದಮೊದಲು ಉಳಿತಾಯ ಅವರಿಬ್ಬರಿಗೆ ಆಟವೇ ಆಯಿತು. ಅವಳಿಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಸಂಬಳ ಬಂದ ಸಂಜೆ ಇಬ್ಬರೂ ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ದುಡ್ಡು ಭಾಗ ಮಾಡುತ್ತಿದ್ದರು. “ಮೊದಲು ಮನೆಗೆ, ಆಮೇಲೆ ಹೊಟ್ಟೆಗೆ” ಅನ್ನುತ್ತಿದ್ದ ಗಂಡ. ಅವನು ಸಿಗರೇಟು ಬಿಟ್ಟ ತಿಂಗಳು ಅವಳು, “ನಮ್ಮ ಮನೆಗೆ ಒಂದು ಕಿಟಕಿ ಬಂತು” ಅಂದಳು. ಅವಳು ಬಸ್ಸು ಬಿಟ್ಟು ನಡೆಯತೊಡಗಿದಾಗ ಅವನು, “ಬಚ್ಚಲಿಗೆ ನಲ್ಲಿ ಬಂತು” ಅಂದ. ಸಿನಿಮಾ ನಿಂತು ಒಂದು ಬಾಗಿಲಾಯಿತು. ಹಳೇ ಅಂಗಿಯ ಕಾಲರ್ ತಿರುವಿ ಹೊಲಿದುಕೊಂಡದ್ದಕ್ಕೆ ಅಡುಗೆಮನೆಗೆ ಕಪಾಟು. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಹಾಗೆ ಬ್ಯಾಂಕಿನಲ್ಲಿ ದುಡ್ಡು ಕೂಡುತ್ತಿತ್ತು. ಆ ದಿನಗಳಲ್ಲಿ ಅವರು ಒಬ್ಬರಿಗೊಬ್ಬರು ಎಷ್ಟು ಹತ್ತಿರವಿದ್ದರೆಂದರೆ, ಮಾಡಿದ ಒಂದು ಲೋಟ ಟೀಯನ್ನು ಹಂಚಿಕೊಳ್ಳುವುದರಲ್ಲೂ ಖುಷಿಯಿತ್ತು.

ಒಂದು ದಿನ ಖರ್ಚಿನಲ್ಲಿ ಕಡಿಯಲು ಏನೂ ಉಳಿಯಲಿಲ್ಲ. ಉಳಿದದ್ದು ಭಾನುವಾರ ಒಂದೇ.

“ಒಂದು ಹೊತ್ತಿನ ಊಟಕ್ಕೆ ವಾರದ ಅಕ್ಕಿ ಹೋಗ್ತಿದೆ” ಅಂದ ಗಂಡ, ನೆಲ ನೋಡುತ್ತಾ.

“ಹಾಗಂತ ಬಂದವರಿಗೆ ಬರಬೇಡಿ ಅನ್ನೋಕಾಗುತ್ತಾ?”

“ಬರಬೇಡಿ ಅನ್ನೋದು ಬೇಡ. ಸ್ವಲ್ಪ ದಿನ ನಾವು ಸಿಗದೇ ಇದ್ರೆ ಸಾಕು. ಮನೆ ತಗೊಳ್ತಿರೋದು ಅವರಿಗೋಸ್ಕರ ತಾನೇ? ಆದ ಮೇಲೆ ದಿನಾ ಬರಲಿ.”

ಅವಳಿಗೆ ಅದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದೇ ತಪ್ಪಾಯಿತೇನೋ ಎಂದು ಮುಂದೆ ಎಷ್ಟೋ ಸಲ ಯೋಚಿಸಿದಳು.

ಗಂಡ ಭಾನುವಾರದ ಡ್ಯೂಟಿ ಹಾಕಿಸಿಕೊಂಡ. ಅದಕ್ಕೆ ಎರಡರಷ್ಟು ಸಂಬಳ. ಒಂದೆರಡು ಸಲ ಬಂದು ಬೀಗ ನೋಡಿ ಹೋದ ಮೇಲೆ ಅವನ ಜೊತೆಗಾರರು ಬರುವುದು ಬಿಟ್ಟರು. ಓವರ್‌ಲೋಡ್ ಬೇರೆ ಕಂಪನಿಗೆ ಸೇರಿದ. ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗ, “ಕುರ್ಚಿ ತರ್ಲೇನೇ ಹುಡುಗಿ?” ಅಂತ ಕೇಳುವಳು. “ಇವತ್ತು ಹೊರಗೆ ಹೋಗ್ತಿದ್ದೀವಿ ಅಜ್ಜಿ” ಅಂದು ಅಂದು ಅವಳ ನಾಲಿಗೆಗೆ ಅದೇ ರೂಢಿಯಾಯಿತು. ಕೊನೆಗೆ ಅಜ್ಜಿಯನ್ನು ಮಗ ಬಂದು ತನ್ನ ಮನೆಗೆ ಕರೆದುಕೊಂಡು ಹೋದ.

ತಂಗಿ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಡ್ಯೂಟಿ ಇಲ್ಲದ ಒಂದು ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಇದ್ದಾಗ ಬಾಗಿಲು ಬಡಿದ ಸದ್ದಾಯಿತು. ಮಾಡಿದ ಅನ್ನ ಇಬ್ಬರಿಗಷ್ಟೇ ಇತ್ತು. ಗಂಡ ತುಟಿಯ ಮೇಲೆ ಬೆರಳಿಟ್ಟ. ಅವಳು ಎದ್ದವಳು ಹಾಗೇ ನಿಂತಳು.

“ಅಕ್ಕಾ! ಭಾವಾ!” ಹೊರಗಿನಿಂದ ತಂಗಿಯ ದನಿ. ಮತ್ತೆ ಬಡಿತ. ಆಮೇಲೆ ಪುಟ್ಟಿ, “ಅಮ್ಮಾ, ದೊಡ್ಡಮ್ಮನ ಚಪ್ಪಲಿ ಇಲ್ಲೇ ಇದೆ ನೋಡು” ಅಂದಳು.

ಅಕ್ಕನಿಗೆ ಇರುವುದು ಒಂದೇ ಜೊತೆ ಚಪ್ಪಲಿ ಎಂದು ತಂಗಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಅದು ಹಳೇದು ಪುಟ್ಟಿ. ಬಾ ಹೋಗೋಣ” ಅಂದಳು ತಂಗಿ. ಮೆಟ್ಟಿಲಿಳಿಯುವ ನಾಲ್ಕು ಕಾಲಿನ ಸದ್ದು ಕೆಳಗೆ ಕೆಳಗೆ ಹೋಗಿ ಬೀದಿಯ ಸದ್ದಿನಲ್ಲಿ ಕರಗಿತು. ಅವಳ ಕೈ ಅಗುಳಿಯವರೆಗೂ ಹೋಯಿತು. ಆದರೂ ಬಾಗಿಲು ತೆಗೆಯಲಿಲ್ಲ. ತೆಗೆದು ಏನು ಹೇಳುವುದು?

ಅದಾದ ಮೇಲೆ ತಂಗಿ ಬರಲಿಲ್ಲ. ಫೋನು ಮಾಡುತ್ತಿದ್ದಳು, ಅಷ್ಟೆ. ಎರಡನೆಯ ಹೆರಿಗೆ ಹತ್ತಿರ ಬಂದಾಗಲೂ ಅವಳೇ ಮಾಡಿದಳು.

“ಅಕ್ಕಾ, ಮುಂದಿನ ವಾರ ಅಂದಿದ್ದಾರೆ ಡಾಕ್ಟರು. ಹತ್ತು ದಿನ ಬಂದಿರ್ತೀಯಾ? ಅಮ್ಮ ಇದ್ದಿದ್ರೆ ನಿನ್ನ ಕೇಳ್ತಿರ್ಲಿಲ್ಲ ಕಣೇ.”

ಆ ತಿಂಗಳು ಅಂಗಡಿಗೆ ದೊಡ್ಡದೊಂದು ಆರ್ಡರು ಬಂದಿತ್ತು. ಹೆಚ್ಚು ಹೊತ್ತು ಕೂತವರಿಗೆ ಹೆಚ್ಚು ಕೂಲಿ. ಮನೆಯ ಸಾಲಕ್ಕೆ ಬ್ಯಾಂಕಿನವರು ಹೇಳಿದ ಮುಂಗಡದ ಮೊತ್ತ ಆಗಷ್ಟೇ ಕಣ್ಣಿಗೆ ಕಾಣತೊಡಗಿತ್ತು.

“ರಜೆ ಕೊಡಲ್ಲ ಕಣೇ” ಅಂದಳು. ಅಂಗಡಿಯ ಯಜಮಾನರನ್ನು ಅವಳು ಕೇಳಿಯೇ ಇರಲಿಲ್ಲ.

“ಹೋಗ್ಲಿ ಬಿಡು” ಅಂದಳು ತಂಗಿ. “ಪಕ್ಕದ ಮನೆಯವರು ಇದ್ದಾರೆ.”

ಗಂಡುಮಗು ಹುಟ್ಟಿದ ಮೇಲೆ ಆಸ್ಪತ್ರೆಗೆ ಹೋಗಿ, ಕೂಸಿಗೆ ಎರಡು ಅಂಗಿ ಕೊಟ್ಟು, ಅರ್ಧ ಗಂಟೆ ಕೂತು ಬಂದಳು. ತಂಗಿಯ ತಲೆ ಬಾಚುತ್ತಿದ್ದವಳು ಪಕ್ಕದ ಮನೆಯಾಕೆ.

ಮನೆ ಕಟ್ಟಿ ನೋಡು ಎನ್ನುತ್ತಾರೆ. ಇವರು ಕಟ್ಟಲಿಲ್ಲ, ಕಟ್ಟಿದ್ದನ್ನು ಕೊಂಡರು. ಅದಕ್ಕೇ ಆರು ವರ್ಷ ಹಿಡಿಯಿತು. ಊರಿನ ಅಂಚಿನಲ್ಲಿ ಹೊಸ ಕಟ್ಟಡ, ಐದನೆಯ ಮಹಡಿ. ಎರಡು ಮಲಗುವ ಕೋಣೆ, ಒಂದು ದೊಡ್ಡ ಹಾಲ್. ಖಾಲಿ ಹಾಲ್‌ನಲ್ಲಿ ನಿಂತು ಗಂಡ ಕೆಮ್ಮಿದರೆ ಗೋಡೆಯೂ ಕೆಮ್ಮುತ್ತಿತ್ತು. “ಜನ ಬಂದು ಕೂತರೆ ಸರಿಹೋಗುತ್ತೆ” ಅಂದಳು ಅವಳು. ಹನ್ನೆರಡು ತಟ್ಟೆ, ಹನ್ನೆರಡು ಲೋಟ ಕೊಂಡಳು. ಅಷ್ಟು ವರ್ಷಗಳಲ್ಲಿ ಬೆಲೆ ಕೇಳದೆ ಅವಳು ಕೊಂಡದ್ದು ಅದೊಂದನ್ನೇ.

ಒಂದು ಭಾನುವಾರ ಗೊತ್ತು ಮಾಡಿ ಎಲ್ಲರಿಗೂ ಫೋನು ಮಾಡಿದರು. ಕೆಲವರ ನಂಬರು ಬದಲಾಗಿತ್ತು. ಕೆಲವರು, “ಓಹೋ, ಸಂತೋಷ, ಸಂತೋಷ” ಅಂದರು, ಬರುತ್ತೇವೆ ಅನ್ನಲಿಲ್ಲ. ತಂಗಿ, “ನೋಡೋಣ ಅಕ್ಕ” ಅಂದಳು.

ಬೆಳಗಿನಿಂದ ಒಲೆಯ ಮುಂದೆ ನಿಂತು ಹನ್ನೆರಡು ಜನಕ್ಕಾಗುವಷ್ಟು ಅಡುಗೆ ಮಾಡಿದಳು. ಮಧ್ಯಾಹ್ನವಾದಾಗ ಬೆಲ್ ಆಯಿತು. ಬಾಗಿಲಲ್ಲಿ ಒಬ್ಬ ಸಣಕಲ ನಿಂತಿದ್ದ. ಅಂಗಿ ಗೂಟಕ್ಕೆ ನೇತುಹಾಕಿದಂತೆ ಜೋತಾಡುತ್ತಿತ್ತು. ಯಾರೋ ವಿಳಾಸ ತಪ್ಪಿ ಬಂದರೆಂದುಕೊಂಡು, “ಯಾರು ಬೇಕಿತ್ತು?” ಅಂದಳು.

“ನಾನೇ ಅತ್ತಿಗೆ, ಓವರ್‌ಲೋಡು” ಅಂದು ನಕ್ಕ.

ಸಕ್ಕರೆ ಕಾಯಿಲೆ ಬಂದು ಮೂರು ವರ್ಷವಾಗಿತ್ತಂತೆ. ಒಂದು ಹಿಡಿ ಅನ್ನ ಹಾಕಿಸಿಕೊಂಡು, ಸಿಹಿಯ ಪಾತ್ರೆಯನ್ನು ಆಸೆಯಿಂದ ನೋಡಿ ಪಕ್ಕಕ್ಕೆ ಸರಿಸಿದ. ಗಂಡನೂ ಅವನೂ ಹೊಸ ಲಿಫ್ಟುಗಳ ಮೋಟರಿನ ವಿಷಯ ಮಾತಾಡಿದರು. ಆ ಮಾತು ಮುಗಿದ ಮೇಲೆ ಗಂಡ ಮತ್ತೆ ಅದೇ ಮೋಟರಿಗೆ ಬಂದ.

“ಕೆಳಗಿನ ಮನೆ ಅಜ್ಜಿ ಹೋಗ್ಬಿಟ್ರಲ್ಲ, ಪಾಪ” ಅಂದ ಓವರ್‌ಲೋಡ್, ಕೈ ತೊಳೆಯುತ್ತಾ. “ಕೊನೆಗಾಲದಲ್ಲಿ ನೋಡೋಕೆ ಹೋಗಿದ್ದೆ. ಮೇಲಿನ ಮನೆ ಹುಡುಗಿ ಹೇಗಿದ್ದಾಳೆ ಅಂತ ಕೇಳಿದ್ರು. ನಿಮಗೆ ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಹೇಳಲು ಯಾರು ಉಳಿದಿದ್ದರು?

ಅವನು ಹೋದ ಮೇಲೆ ತಂಗಿಯ ಫೋನು ಬಂತು. ಪುಟ್ಟಿಗೆ ಜ್ವರ, ಬರಲಾಗಲಿಲ್ಲ. ಗಂಡ ಹೆಂಡತಿ ಎದುರುಬದುರು ಕೂತು ಉಂಡರು. ಅಷ್ಟು ದೊಡ್ಡ ಹಾಲ್‌ನಲ್ಲಿ ಅಗಿಯುವ ಸದ್ದೂ ಕೇಳುತ್ತಿತ್ತು.

“ಒಂದು ರೂಮು ಬಾಡಿಗೆಗೆ ಕೊಟ್ರೆ ಹೇಗೆ?” ಅಂದ ಗಂಡ. “ಸಾಲದ ಕಂತು ಬೇಗ ತೀರುತ್ತೆ.”

ಮದುವೆಯಾದಾಗಿನಿಂದ ಅವನ ಮೇಲೆ ದನಿ ಎತ್ತದವಳು ತಟ್ಟೆ ಕುಕ್ಕಿದಳು. “ಇನ್ನೂ ಉಳಿಸೋದೇನಿದೆ ರೀ? ಇನ್ಯಾರನ್ನ ಕಡಿಯೋದು?”

ಅವನು ಎದ್ದು ಹೋಗಿ ಉಪಯೋಗಿಸದ ತಟ್ಟೆಗಳನ್ನು ಒಂದೊಂದಾಗಿ ಕಪಾಟಿನ ಮೇಲಿನ ಹಲಗೆಗೆ ಏರಿಸಿದ. ಅವನ ಬೆನ್ನು ನೋಡಿ ಅವಳಿಗೆ ಕೋಪ ಇಳಿದುಹೋಯಿತು. ಈ ಲೆಕ್ಕ ಅವನೊಬ್ಬನೇ ಹಾಕಿದ್ದಲ್ಲವಲ್ಲ.

ಮರುದಿನ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿದಳು. ಯಜಮಾನರು ತಲೆ ಎತ್ತದೆ, “ಹೋಗಿ ಬಾಮ್ಮ” ಅಂದರು. ಅಷ್ಟು ಸುಲಭವಿತ್ತು ಅದು. ಉಳಿದ ಸಿಹಿಯನ್ನು ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿ ತಂಗಿಯ ಮನೆಗೆ ಹೋದಳು.

ಬೀದಿಯಲ್ಲಿ ಪುಟ್ಟಿ ಹಗ್ಗದಾಟ ಆಡುತ್ತಿದ್ದಳು. ಉದ್ದಕ್ಕೆ ಬೆಳೆದಿದ್ದಳು.

“ಜ್ವರ ಹೋಯ್ತಾ ಪುಟ್ಟಿ?”

“ಯಾವ ಜ್ವರ ದೊಡ್ಡಮ್ಮ?”

ತಂಗಿ ಬಾಗಿಲಲ್ಲೇ ನಿಂತಿದ್ದಳು. ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿದವು. ಅಕ್ಕ ಜ್ವರದ ಮಾತನ್ನು ಅಲ್ಲಿಗೇ ಬಿಟ್ಟಳು. ಕೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಬನ್ನಿ ಅಕ್ಕ, ಒಳಗೆ ಬನ್ನಿ” ಅಂದಳು ತಂಗಿ.

ಬನ್ನಿ. ಹುಟ್ಟಿದಾಗಿನಿಂದ ‘ಬಾರೇ ಹೋಗೇ’ ಎಂದು ಜಡೆ ಹಿಡಿದು ಜಗಳವಾಡಿದವಳು. ಆ ಒಂದು ಮಾತು ಬಾಗಿಲಿಗೆ ಅಗುಳಿ ಹಾಕಿದಂತೆ ಕೇಳಿಸಿತು.

ಒಳಗೆ ಪಕ್ಕದ ಮನೆಯಾಕೆ, ಇನ್ನಿಬ್ಬರು ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಾ ಯಾವುದೋ ಮಾತಿಗೆ ನಗುತ್ತಿದ್ದರು. ಇವಳನ್ನು ಕಂಡು ನಗು ನಿಂತಿತು. ತಂಗಿ ಬಟ್ಟೆಯಿಂದ ಒರೆಸಿ ಕುರ್ಚಿ ಹಾಕಿದಳು. ಚಿಕ್ಕ ಹುಡುಗ ತಾಯಿಯ ಸೆರಗಿನ ಹಿಂದಿನಿಂದ ಇಣುಕಿ, “ಯಾರಮ್ಮ ಇವರು?” ಅಂದ.

“ದೊಡ್ಡಮ್ಮ ಕಣೋ. ನಮಸ್ಕಾರ ಮಾಡು.”

ಅವಳು ಕೆಳಗೆ ಕೂರಲು ಹೋದಳು. “ನಾನೂ ನಾಲ್ಕು ಸುಲೀತೀನಿ, ಕೊಡೇ.”

“ಅಯ್ಯೋ ಬೇಡಿ, ಒಳ್ಳೇ ಬಟ್ಟೆ ಉಟ್ಕೊಂಡು ಬಂದಿದ್ದೀರ. ಕೊಳೆಯಾಗುತ್ತೆ.”

ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಟೀ ಬಂತು, ಬಂದವರಿಗೆಂದೇ ಎತ್ತಿಟ್ಟ ಕಪ್ಪು-ಬಸಿಯಲ್ಲಿ. ಅಕ್ಕ ತಂಗಿ ಇಬ್ಬರೇ ಉಳಿದಾಗ ಅವಳು ಧೈರ್ಯ ಮಾಡಿ, “ಅವತ್ತು ನೀನು ಬಂದು ಬಾಗಿಲು ಬಡಿದಾಗ…” ಎಂದು ಬಾಯಿ ತೆರೆದಳು.

“ಟೀ ಆರಿಹೋಗುತ್ತೆ ಅಕ್ಕ, ಕುಡೀರಿ” ಅಂದಳು ತಂಗಿ. ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅಕ್ಕ ಅವಳ ಕಾಲು ಹಿಡಿದು ಕೇಳಿಕೊಳ್ಳುತ್ತಿದ್ದಳೇನೋ.

ಆದರೂ ಅವಳು ಹೋಗುವುದನ್ನು ಬಿಡಲಿಲ್ಲ. ತಿಂಗಳಿಗೊಂದೆರಡು ಭಾನುವಾರ ಬಸ್ಸು ಹತ್ತಿ ಹೋಗುವಳು. ಹಾಕಿದ ಕುರ್ಚಿಯಲ್ಲಿ ಕೂತು, ಕೊಟ್ಟ ಟೀ ಕುಡಿದು, ಪುಟ್ಟಿಯ ಶಾಲೆಯ ವಿಷಯ ಕೇಳಿ ಬರುವಳು. ಚಿಕ್ಕ ಹುಡುಗ ನಿಧಾನವಾಗಿ ಅವಳ ಮಡಿಲಿಗೆ ಬರತೊಡಗಿದ. ತಂಗಿಯ ಗಂಡ ಒಮ್ಮೊಮ್ಮೆ ಹಳೆಯ ಹಾಗೇ ತಮಾಷೆ ಮಾಡುವನು. ತಂಗಿ ಮಾತ್ರ ಅಕ್ಕರೆಯಿಂದಲೇ, ಆದರೆ ನೆಂಟರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುವಳು.

ಮರುವರ್ಷ ಒಂದು ಭಾನುವಾರ ತಂಗಿ ಹೇಳದೇ ಕೇಳದೇ ಮಕ್ಕಳನ್ನು ಕರೆದುಕೊಂಡು ಬಂದಳು. ಆ ಕಡೆಯೇ ಪುಟ್ಟಿಗೆ ಯಾವುದೋ ಪರೀಕ್ಷೆಯಿತ್ತಂತೆ. ಅಕ್ಕ ಸಡಗರದಿಂದ ಒಂದೊಂದೇ ಕೋಣೆ ತೋರಿಸಿದಳು. ಚಿಕ್ಕ ಹುಡುಗ ಹಾಲ್‌ನ ಈ ತುದಿಯಿಂದ ಆ ತುದಿಗೆ ಓಡಿ, ಓಡಿ, ಕೂಗಿ ನೋಡಿದ. ಅಡುಗೆಗೆ ಇಡುತ್ತೇನೆ ಅಂದರೆ ತಂಗಿ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದಳು. ಅಕ್ಕ ನಿಲ್ದಾಣದವರೆಗೂ ಹೋಗಿ ಹತ್ತಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಬಂದಳು.

ಸಂಜೆ ಗಂಡ ಡ್ಯೂಟಿಯಿಂದ ಬಂದ. ಸಾಲದ ಕಂತು ತೀರುವವರೆಗೆ ಅವನಿಗೆ ಭಾನುವಾರವೂ ಕೆಲಸವೇ. ತಂಗಿ, ಮಕ್ಕಳು ಬಂದಿದ್ದರೆಂದು ಅವಳು ಬಾಗಿಲಲ್ಲೇ ಹೇಳಿದಳು.

“ಬಂದಿದ್ರಾ? ಎಷ್ಟು ಹೊತ್ತಿದ್ರು?”

“ಟೀ ಕುಡಿಯುವಷ್ಟು.”

“ಮನೆ ನೋಡಿ ಏನಂದ್ಲು?”

“ಗಾಳಿ ಬೆಳಕು ಚೆನ್ನಾಗಿದೆ ಅಂದ್ಲು.”

ಗಂಡ ಬಾಗಿಲ ಪಕ್ಕದಲ್ಲಿ ಕೂತು ಬೂಟಿನ ಲೇಸು ಬಿಚ್ಚಿದ.

“ಹೌದು” ಅಂದ. “ಗಾಳಿ ಬೆಳಕಿಗೇನೂ ಕಮ್ಮಿ ಇಲ್ಲ.”