ಒಸ್ಗಾರನ ಗಂಟೆ

“ತೊಲೆ ಜಾರಿಸ್ದ್ರೆ ನಿನ್ ಚರ್ಮ ಸುಲಿಸ್ತೀನಿ ಕಣ್ಲಾ, ಸೂಳೆಮಗ್ನೆ.”

ಕೆಳಗಿನಿಂದ ಕೂಗಿದವನು ನಮ್ಮ ಒಡೆಯ ಒಸ್ಗಾರ್. ನಾನು ಚರ್ಚಿನ ಗಂಟೆಗೋಪುರದ ಮೇಲೆ ಓಕ್ ತೊಲೆಗೆ ಜೋತುಬಿದ್ದಿದ್ದೆ. ಅವನಪ್ಪನೂ ನೇಗಿಲು ಹಿಡಿದ ರೈತನೇ. ಮಗನಿಗೆ ಪ್ರಭುವಾಗುವ ಹುಚ್ಚು. ಐದು ಹಿಡುವಳಿ ಭೂಮಿ, ಕೋಟೆಬಾಗಿಲು, ಚರ್ಚು, ಅದಕ್ಕೊಂದು ಗಂಟೆ ಇದ್ದರೆ ರೈತನೂ ರಾಜನ ಮುಂದೆ ಪ್ರಭುಗಳ ಸಾಲಿನಲ್ಲಿ ಕೂರಬಹುದಂತೆ. ಭೂಮಿಯನ್ನು ಅಣ್ಣನ ವಿಧವೆಯಿಂದ ಕಿತ್ತುಕೊಂಡಿದ್ದ. ಬಾಗಿಲು, ಚರ್ಚು ನಾವು ಕಟ್ಟಿದ್ದೆವು. ಗಂಟೆಯೊಂದೇ ಬಾಕಿ.

ನಾವೆಂದರೆ ಜೀತದವರು. ಬರಗಾಲದಲ್ಲಿ ನನ್ನಪ್ಪ ಬಾರ್ಲಿಗಂಜಿಗಾಗಿ ಒಸ್ಗಾರನ ಅಪ್ಪನ ಅಂಗೈಗಳ ನಡುವೆ ತಲೆಯಿಟ್ಟು ಜೀತಕ್ಕೆ ಬಿದ್ದ. ಆವತ್ತಿನಿಂದ ನಮ್ಮ ತಲೆ ನಮ್ಮದಲ್ಲ.

ದುನ್ನೆಯೂ ಜೀತದವಳು, ಕೊಟ್ಟಿಗೆಯಲ್ಲಿ ಚೀಸ್ ಒತ್ತುತ್ತಿದ್ದಳು. ಅವಳ ಕೈಯೆಲ್ಲ ಹುಳಿಹಾಲಿನ ವಾಸನೆ. ನನಗೆ ಆ ವಾಸನೆಯೆಂದರೆ ಪ್ರಾಣ.

“ಗಂಟೆ ಬಂದ್ ದಿನ ನಿಮ್ಮಿಬ್ರುನ್ನೂ ಜೀತದಿಂದ ಬಿಟ್ಬಿಡ್ತೀನಿ, ಡೂಡ. ಮೊದಲ್ನೇ ಗಂಟೆ ನೀನೇ ಹೊಡಿ,” ಎಂದಿದ್ದ ಒಡೆಯ, ಪಾದ್ರಿ ತಿಲ್ಬರ್ಟನ ಎದುರಿಗೇ. ಅದನ್ನು ನಂಬಿ ನಾನು ಎರಡಾಳಿನ ಕೆಲಸ ಮಾಡಿದೆ.

“ಮೂಗಿಗೆ ತುಪ್ಪ ಸವರವ್ನೆ ಕಣ್ಲಾ, ಪೆದ್ದ,” ಎಂದಳು ದುನ್ನೆ.

“ಪಾದ್ರಿ ಮುಂದೆ ಹೇಳವ್ನೆ ಕಣೆ.”

“ಪಾದ್ರಿ ಅವನ್ ಮನೆ ಬಿಯರ್ ಕುಡ್ಕಂಡ್ ಬಿದ್ದಿರೋನು.” ಆಮೇಲೆ ತಾನೇ ನಕ್ಕಳು. “ಆಯ್ತು, ಜೋರಾಗ್ ಹೊಡಿ. ಕೇಳಿದ್ ತಕ್ಷಣ ಓಡ್ ಬತ್ತೀನಿ.”

ಭಾನುವಾರ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಗಂಟೆ ಬಂತು. ನಾಲ್ವರು ಸೇರಿ ಮೇಲೆತ್ತಿ ಕಟ್ಟಿದೆವು. ಗಂಟೆ ಕೇಳಿ ಪ್ರಭು ಪದವಿ ಕೊಡಲು ಬಂದಿದ್ದ ರಾಜನ ಅಧಿಕಾರಿ ಬಾಗಿಲಲ್ಲಿ ಕುದುರೆ ಮೇಲೆ ಕಾಯುತ್ತಿದ್ದ. ಗೋಪುರದ ಕಿಂಡಿಯಿಂದ ನೋಡಿದರೆ, ಅದೇ ಗಾಡಿಯಲ್ಲಿ ದುನ್ನೆ. ಕೈ ಕಟ್ಟಿದ್ದರು. ಗಾಡಿ ಬ್ರಿಸ್ಟಲ್ ಬಂದರಿನ ದಾರಿ ಹಿಡಿದಿತ್ತು. ಅಲ್ಲಿ ಜೀತದವರನ್ನು ಮಾರಿ ಹಡಗು ಹತ್ತಿಸುತ್ತಾರೆ. ಹತ್ತಿದವರು ಮರಳಿದ್ದನ್ನು ನಾನು ಕಂಡಿಲ್ಲ.

ಇಳಿದು ಬಂದು ಒಸ್ಗಾರನ ಕಾಲು ಹಿಡಿದೆ.

“ಒಡೆಯಾ, ಇಬ್ರುನ್ನೂ ಬಿಡ್ತೀನಿ ಅಂದಿದ್ರಿ.”

“ನಿನ್ನ ಬಿಡ್ತೀನಲ್ಲ, ಅರ್ಧ ಮಾತು ಉಳಿಸ್ಕಂಡಂಗಾಯ್ತು. ಗಂಟೆ ಏನ್ ಮುಗಿಲಿಂದ ಉದುರ್ತದೇನ್ಲಾ? ಆ ಮುಂಡೆ ಹೋದ್ರೆ ಇನ್ನೊಬ್ಳು. ಹಗ್ಗ ಎಳಿ.”

ಪಾದ್ರಿಯ ಮುಖ ನೋಡಿದೆ.

“ದೇವ್ರ್ ಗಂಟೆ ಕಣಪ್ಪ. ಅವಳಿಗೂ ಪುಣ್ಯ ಬತ್ತದೆ,” ಎಂದ.

ಹಗ್ಗ ಹಿಡಿದು ನಿಂತೆ. ಎಳೆಯಲಿಲ್ಲ. ಬೆನ್ನ ಮೇಲೆ ಚಾಟಿ ಬಿತ್ತು.

“ಎಳಿಯಾಕಿಲ್ಲ,” ಎಂದೆ.

ಹುಟ್ಟಿದ ಮೇಲೆ ಒಡೆಯನಿಗೆ ಇಲ್ಲವೆಂದದ್ದು ಅದೇ ಮೊದಲು. ನಿಂತಲ್ಲೇ ಉಚ್ಚೆ ಹೋಯಿತು. ಚಾಟಿ ಎಷ್ಟು ಸಲ ಬಿತ್ತೋ ಗೊತ್ತಿಲ್ಲ. ಹೊರಗೆ ಅಧಿಕಾರಿ ಕೆಮ್ಮಿದ. ಒಸ್ಗಾರ್ ನನ್ನನ್ನು ಮೂಲೆಗೆ ಒದ್ದ. ತಿಲ್ಬರ್ಟ್ ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ತಾನೇ ಹಗ್ಗಕ್ಕೆ ಜೋತುಬಿದ್ದ.

ಒಳ್ಳೆಯ ಗಂಟೆ, ಸುಳ್ಳು ಹೇಳಬಾರದು. ಹೊಳೆಯಾಚೆಗೂ ಕೇಳುವಂಥ ನಾದ. ಅಧಿಕಾರಿ ಕುದುರೆಯಿಂದ ಇಳಿದು ಒಸ್ಗಾರನನ್ನು ಪ್ರಭು ಎಂದು ಕರೆದ.

ಗಾಡಿ ಇನ್ನೂ ಹೊಳೆ ದಾಟಿರಲಿಲ್ಲ. ದುನ್ನೆಗೆ ಕೇಳಿಸಿರುತ್ತದೆ. ನಾನೇ ಹೊಡೆದೆ ಎಂದುಕೊಂಡಿರುತ್ತಾಳೆ.