ಸುಣ್ಣ ತಿಂದ ಬೆರಳು

ಗುಡಿಬಂಡೆಯ ದಾರಿಯಲ್ಲಿ ಆಟೋ ಇಳಿದಾಗ ಶ್ರಾವಣಿಗೆ ಇದ್ದದ್ದು ಒಂದೇ ಚಿಂತೆ: ಈ ಮನೆಯಲ್ಲಿ ಊಟವಾದ ಮೇಲೆ ಯಾರ ಕಣ್ಣಿಗೂ ಬೀಳದೆ ಎಲ್ಲಿಗೆ ಹೋಗುವುದು? ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಾದರೆ ಬಚ್ಚಲಿಗೆ ಚಿಲಕವಿತ್ತು. ಎಲ್ಲ ಸದ್ದನ್ನೂ ಮುಚ್ಚುವಂತೆ ಭೋರೆಂದು ಸುರಿಯುವ ನಲ್ಲಿಯಿತ್ತು. ಗಂಟಲಿಗೆ ಬೆರಳು ಹಾಕಿ ಉಂಡದ್ದನ್ನೆಲ್ಲ ಕಕ್ಕಿ, ಮುಖ ತೊಳೆದು, ಏನೂ ಆಗದವಳಂತೆ ಬಂದು ಪುಸ್ತಕ ಹಿಡಿಯುತ್ತಿದ್ದಳು. ಇಂಥ ಹೀನ ಚಟ ಲೋಕದಲ್ಲಿ ತನ್ನೊಬ್ಬಳಿಗೇ ಅಂಟಿದೆ ಎಂಬುದು ಅವಳ ದೃಢವಾದ ನಂಬಿಕೆ. ಪಕ್ಕದ ಮಂಚದಲ್ಲೇ ಮಲಗುವ ಗೆಳತಿ ವನಿತಾಳಿಗೂ ಅವಳು ಸುಳಿವು ಕೊಟ್ಟವಳಲ್ಲ. ಈಗ ಆ ವನಿತಾಳೇ ರೇಷ್ಮೆಹುಳ ನೋಡಲು ಬಾ ಎಂದು ರಜೆಯಲ್ಲಿ ತನ್ನ ಊರಿಗೆ ಕರೆಸಿಕೊಂಡಿದ್ದಳು.

"ಗುಮ್ಮಘಟ್ಟದೋಳಾ? ಕುರಿ ಸೀಮೆಯಿಂದ ಬಂದಿದ್ದೀಯ. ಬಾರವ್ವ, ನಮ್ ಕುರಿ ಮೇಯೋದೂ ನೋಡು," ಎಂದಳು ವನಿತಾಳ ಅಜ್ಜಿ ತಿಪ್ಪಮ್ಮ. ಕಾಲು ತೊಳೆಸಿಯೇ ಹುಳುಮನೆಯ ಬಾಗಿಲು ತೆರೆದಳು.

ಒಳಗೆ ಕಾಲಿಟ್ಟ ಶ್ರಾವಣಿ ನಿಂತಲ್ಲೇ ನಿಂತಳು. ಹೊರಗೆ ಸುಡುಬಿಸಿಲು, ಒಳಗೆ ಮಳೆಯ ಸದ್ದು. ಮೇವು ಬಿಟ್ಟು ಮಲಗುವ ನಾಲ್ಕನೆಯ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ಹುಳಗಳು ಹಿಪ್ಪುನೇರಳೆ ಸೊಪ್ಪಿಗೆ ಮುಗಿಬಿದ್ದಿದ್ದವು. ಹಾಸಿದ ಎಲೆ ನೋಡನೋಡುತ್ತಿದ್ದಂತೆಯೇ ಕರಗಿ ನರ ಮಾತ್ರ ಉಳಿಯುತ್ತಿತ್ತು. ಯಾರು ನೋಡುತ್ತಾರೋ ಎಂಬ ಅಂಜಿಕೆಯಿಲ್ಲ, ಇಷ್ಟು ತಿಂದೆನಲ್ಲ ಎಂಬ ಅಳುಕಿಲ್ಲ. ಒಂದು ಹುಳ ತಿನ್ನುವುದು ಕಿವಿಗೊಟ್ಟರೂ ಕೇಳಿಸದು. ಎಲ್ಲವೂ ಕೂಡಿದಾಗ ಆ ಸದ್ದು ಎದೆಯ ಒಳಗೇ ಸುರಿಯುವಂತಿತ್ತು. ಅವಳಿಗೆ ಯಾಕೋ ಕಣ್ಣು ತುಂಬಿ ಬಂತು.

ಸೊಪ್ಪಿನ ಕಟ್ಟು ಕೊಡಲು ಬಂದ ತಿಪ್ಪಮ್ಮ ಅವಳ ಕೈಯನ್ನು ಬೆಳಕಿಗೆ ತಿರುಗಿಸಿದಳು.

"ಇದೇನ್ ತಾಯಿ, ಬಂದು ಗಳಿಗೆ ಆಗಿಲ್ಲ, ಆಗ್ಲೇ ಸುಣ್ಣ ಮುಟ್ಟಿದ್ಯಾ? ಜ್ವರದ ಹುಳಕ್ಕೆ ಉದುರಿಸೋ ಸುಣ್ಣ ಬಲೇ ಕೆಟ್ಟದ್ದು, ಕೈ ತಿಂತೈತೆ. ನಮ್ ಹುಡುಗೀಗೂ ಹಿಂಗೇ ತಿಂದೈತೆ. ಇದೇ ಬೆರಳು, ಇದೇ ಗಿಣ್ಣು. ದಿನಾ ಹರಳೆಣ್ಣೆ ಹಚ್ತೀನಿ, ವಾಸೀನೇ ಆಗ್ತಿಲ್ಲ."

ಶ್ರಾವಣಿ ಸುಣ್ಣವನ್ನು ಕಂಡೂ ಇರಲಿಲ್ಲ. ಗಿಣ್ಣಿನ ಮೇಲಿನ ಆ ಗಾಯ ಅವಳದೇ ಹಲ್ಲು ತಾಗಿ ಆದದ್ದು. ಅವಳು ವನಿತಾಳತ್ತ ತಿರುಗಿದಳು. ವನಿತಾ ಕೈಯನ್ನು ಬೆನ್ನ ಹಿಂದೆ ಮರೆಮಾಡಿದಳು.

ಊಟಕ್ಕೆ ರಾಗಿಮುದ್ದೆ, ಹುರುಳಿ ಸಾರು. "ಅಗೀಬ್ಯಾಡ ಕಣಮ್ಮ, ನುಂಗು. ಮುದ್ದೆ ಅಗಿಯೋರ್ನ ಕಂಡ್ರೆ ನಮ್ ನಾಯೂ ನಗ್ತೈತೆ."

"ರೊಟ್ಟಿ ಸೀಮೆಯವರು ರೀ ಅಜ್ಜಿ, ನಮಗ ಅಗಿಯೋದೊಂದೇ ಗೊತ್ತು," ಎಂದು ಶ್ರಾವಣಿ ನಕ್ಕಳು. ವನಿತಾ ಆಗಲೇ ಉಂಡು ಎದ್ದಿದ್ದಳು. ತಟ್ಟೆ ಖಾಲಿಯಾದೊಡನೆ ಶ್ರಾವಣಿಯೂ ಎದ್ದು, ಕೈ ತೊಳೆಯುವ ನೆವದಲ್ಲಿ ಹಿತ್ತಲ ಬಚ್ಚಲಿಗೆ ಹೋದಳು.

ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ನಲ್ಲಿ ಪೂರಾ ತೆರೆದಿತ್ತು.

ಆ ಸದ್ದನ್ನು ಅವಳು ಈವರೆಗೆ ಒಳಗಿನಿಂದ ಮಾತ್ರ ಕೇಳಿದ್ದಳು. ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ನೀರಿನ ಕೆಳಗೆ ಏನಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ವನಿತಾ, ನಲ್ಲಿ ನಿಲ್ಸು. ನಾನೂ ಅದಕ್ಕ ಬಂದೀನಿ."

ನೀರು ನಿಂತಿತು. ಚಿಲಕ ಸರಿಯಿತು. ವನಿತಾಳ ಕಣ್ಣುಗಳು ಕೆಂಪಗಿದ್ದವು.

"ನೀನೂನಾ?"

"ಹೂಂ. ನಾನೊಬ್ಬಾಕೀನೇ ಅಂತ ತಿಳ್ಕೊಂಡಿದ್ದೆ."

"ನೀನೊಬ್ಳೇ ಅಲ್ಲ ಕಣೆ. ನಮ್ ಹಾಸ್ಟೆಲ್ ಭುವನಾ ಒಂದಿನ ನನ್ನತ್ರ ಅತ್ಕಂಡು ಹೇಳಿದ್ಲು. 'ಹಂಗೆಲ್ಲಾ ಮಾಡ್ಬಾರ್ದು' ಅಂತ ದೊಡ್ಡೋಳ ಥರ ಬುದ್ಧಿ ಹೇಳಿ ಕಳಿಸ್ದೆ. ಕಳಿಸಿ, ನಾನೇ ಬಚ್ಚಲಿಗೆ ಹೋದೆ." ವನಿತಾ ನಗಲು ಹೋಗಿ ಸೋತಳು. "ರೇವತಿ ನೋಡು, ವಾರಕ್ಕಿರೋ ದೇವರಿಗೆಲ್ಲಾ ಉಪವಾಸ. ಅಷ್ಟು ಭಕ್ತಿ ಯಾರಿಗೈತೆ?"

ಶ್ರಾವಣಿಗೆ ವಾರ್ಡನ್ನಿನ ಬೈಗುಳ ನೆನಪಾಯಿತು: ಊಟ ಆದರೆ ಸಾಕು, ಭೈರವಾನಿತಿಪ್ಪದ ಅಣೆಕಟ್ಟಿನ ಗೇಟು ಎತ್ತಿದ ಹಾಗೆ ನಲ್ಲಿ ಬಿಡುತ್ತೀರಿ! ಎಲ್ಲರೂ ನಕ್ಕಿದ್ದರು. ಎಲ್ಲರೊಂದಿಗೆ ಅವಳೂ ನಕ್ಕಿದ್ದಳು. ಈಗ ಹಾಸ್ಟೆಲ್ಲಿನ ಆ ಸಾಲು ಬಾಗಿಲುಗಳ ಹಿಂದಿನ ನೀರಿನ ಮೊರೆತ ಒಮ್ಮೆಗೇ ಕಿವಿಗೆ ಬಂತು. ಕೆಲವು ಬಟ್ಟೆ ತೊಳೆಯುವ ನೀರೇ ಇದ್ದಾವು. ಆದರೆ ಉಳಿದವು? ತನ್ನ ಗುಟ್ಟನ್ನು ಮುಚ್ಚಿದ್ದು ತನ್ನ ನಲ್ಲಿಯ ಸದ್ದೊಂದೇ ಅಲ್ಲ. ಗೋಡೆಯಾಚೆ, ಮಾಳಿಗೆಯ ಮೇಲೆ, ಅದೇ ನಾಚಿಕೆಯಿಂದ ಅದೇ ಗಳಿಗೆಯಲ್ಲಿ ತೆರೆದ ಎಷ್ಟೋ ನಲ್ಲಿಗಳ ಸದ್ದು. ಆ ಮೊರೆತದ ನಡುವೆ ನಿಂತು ಪ್ರತಿಯೊಬ್ಬಳೂ ತಾನೊಬ್ಬಳೇ ಎಂದು ಅತ್ತಿರಬೇಕು.

"ಎಲ್ಲಿಗೋದ್ರಿ ಇಬ್ರೂ?" ತಿಪ್ಪಮ್ಮ ಹರಳೆಣ್ಣೆಯ ಗಿಂಡಿಯೊಂದಿಗೆ ಹಿತ್ತಲಿಗೆ ಬಂದಳು. ಇಬ್ಬರನ್ನೂ ಹುಳುಮನೆಯ ಜಗಲಿಗೆ ಎಳೆದು ಕೂರಿಸಿ, ಎರಡು ಕೈಗಳನ್ನೂ ತನ್ನ ಮಡಿಲಿನಲ್ಲಿ ಜೋಡಿಸಿಕೊಂಡಳು. "ಹಾಳಾದ್ ಸುಣ್ಣ. ನಾಳೆಯಿಂದ ಇಬ್ರೂ ಮುಟ್ಟಂಗಿಲ್ಲ."

ಸುಮ್ಮನಿದ್ದರೆ ಆಗುತ್ತಿತ್ತು. ಸುಣ್ಣ ಎಲ್ಲ ಅಪವಾದವನ್ನೂ ಹೊತ್ತುಕೊಳ್ಳುತ್ತಿತ್ತು. ವನಿತಾ ಬೇಡವೆನ್ನುವಂತೆ ನೋಡಿದಳು. ಮರುಗಳಿಗೆ ಆ ನೋಟ ಸಡಿಲಿ, ಅವಳು ತಲೆ ತಗ್ಗಿಸಿ ಗೆಳತಿಯ ಭುಜಕ್ಕೆ ಭುಜ ತಾಗಿಸಿ ಕುಳಿತಳು.

"ಸುಣ್ಣ ಅಲ್ರೀ ಅಜ್ಜಿ," ಎಂದಳು ಶ್ರಾವಣಿ.

ತಿಪ್ಪಮ್ಮನ ಎಣ್ಣೆಯ ಬೆರಳು ನಿಂತಿತು. "ಮತ್ತೇನ್ ತಾಯಿ?"

ಬಾಗಿಲ ಹಿಂದೆ ಹುಳಗಳು ತಿನ್ನುತ್ತಲೇ ಇದ್ದವು. ಆ ಸದ್ದಿಗಿಂತ ತುಸು ಗಟ್ಟಿಯಾಗಿ, ಶ್ರಾವಣಿ ಮೊದಲಿನಿಂದ ಹೇಳತೊಡಗಿದಳು.