ನೀಲಿ ದಾರದ ಕಾಲರು

ಇಸ್ತ್ರಿಯಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡೇ ಸಾವಿರ ಮನೆಯ ಬಟ್ಟೆ ವಿಂಗಡಿಸುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಆ ಬೀದಿಯಲ್ಲಿ ಇದ್ದದ್ದೇ ಹದಿನೆಂಟು ಮನೆ. ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ, ಕಾಲರಿನ ಒಳಮಗ್ಗುಲಿಗೆ ಎರಡು ಹೊಲಿಗೆ. ಮೇಷ್ಟರಿಗೆ ನೀಲಿ, ಬೇಕರಿಯವನಿಗೆ ಹಸಿರು.

ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಬಂದವರೆಲ್ಲ ಗಂಟು ಎಸೆದು, "ನಾಳೆ ಬೇಕು" ಎಂದು ಹೋಗುವವರೇ. ಕೂತು ಮಾತಾಡುತ್ತಿದ್ದವಳು ಬೇಕರಿಯವನ ಹೆಂಡತಿ ಒಬ್ಬಳೇ. ಅವಳು ಬಾರದ ಸಂಜೆ ಇಸ್ತ್ರಿಯಮ್ಮ ಅಂಗಿಗಳಿಗೇ ಬೈಯುತ್ತಿದ್ದಳು.

ಒಂದು ಮಂಗಳವಾರ ಬಸ್ ನಿಲ್ದಾಣದ ಹತ್ತಿರ ಕೀಲಿ ಮಾಡುವವನನ್ನು ಕಳ್ಳನೆಂದು ಜನ ಹಿಡಿದು ಬಡಿದರು. ಅವನ ಚೀಲದ ತುಂಬ ಕೀಲಿಗಳಿದ್ದವು, ಅವರಿಗೆ ಅಷ್ಟೇ ಸಾಕಾಯಿತು. ಪಾಪದವನ ಒಂದು ಕಣ್ಣು ಹೋಯಿತು. ಅವನ ಮುಷ್ಟಿಯೊಳಗೆ ಯಾರದೋ ಬಿಳಿ ಅಂಗಿಯ ಕಾಲರು ಕಿತ್ತು ಬಂದಿತ್ತು.

ಇನ್ಸ್‌ಪೆಕ್ಟರು ಅದನ್ನು ತಂದು ತೋರಿಸಿದಾಗ ಇಸ್ತ್ರಿಯಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ನೀಲಿ ದಾರ. ಮೇಷ್ಟ್ರು ಮನೇದು," ಎಂದಳು, ಎದೆಯುಬ್ಬಿಸಿ.

ಮೇಷ್ಟರನ್ನು ಹಿಡಿದುಕೊಂಡು ಹೋದರು. ಕೀಲಿಯವನಿಗೆ ಹೊಡೆಯಿರಿ ಎಂದು ಕೂಗಿದ್ದವರೇ ಸಂಜೆ ಮೇಷ್ಟರ ಮನೆಯ ಗಾಜು ಒಡೆದರು.

ಮೂರನೆಯ ದಿನ ಅವಳು ದಾರದ ಡಬ್ಬಿ ತೆಗೆದಳು. ಹಸಿರು ಉಂಡೆ ಖಾಲಿ. ಹೋದ ತಿಂಗಳೇ ಮುಗಿದಿತ್ತು. ತರುವವರೆಗೆ ಇರಲಿ, ನನಗೆ ಗೊತ್ತಾಗುತ್ತಲ್ಲ ಎಂದು ಬೇಕರಿಯವನ ಅಂಗಿಗೂ ನೀಲಿಯನ್ನೇ ಹಾಕಿದ್ದಳು.

ಸಂಜೆ ಬೇಕರಿಯವನ ಹೆಂಡತಿ ಬಂದು ಸ್ಟೂಲು ಎಳೆದುಕೊಂಡಳು. "ಯಾಕೆ ದೊಡ್ಡಮ್ಮ, ಮೂಗಿ ಥರ ಕೂತಿದ್ದೀರಿ? ಹಲ್ಲೆಲ್ಲ ಉದುರೋಯ್ತಾ?"

"ನಿನ್ನ ಗಂಡನ ಬಿಳಿ ಅಂಗಿ ಎಲ್ಲೇ?"

ಅವಳ ನಗು ಅರ್ಧಕ್ಕೇ ನಿಂತಿತು. ಬೀದಿಯತ್ತ ಒಮ್ಮೆ ನೋಡಿ, "ನೀವು ಹೇಳ್ದಿದ್ರೆ ಯಾರಿಗೂ ಗೊತ್ತಾಗಲ್ಲ ದೊಡ್ಡಮ್ಮ," ಎಂದಳು. "ಮೇಷ್ಟ್ರಿಗೆ ಹೇಗೂ ವಕೀಲ್ರಿದ್ದಾರೆ."

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಕೋರ್ಟಿನಲ್ಲಿ ಮೇಷ್ಟರ ವಕೀಲರು ಮೆತ್ತಗೆ ಕೇಳಿದರು. "ನೀಲಿ ದಾರ ಬೇರೆ ಯಾರಿಗಾದ್ರೂ ಹಾಕಿದ್ದೀರಾ, ಅಮ್ಮಾ?"

ಪೊಲೀಸರೂ ಕೇಳದ, ಬೀದಿಯೂ ಕೇಳದ ಪ್ರಶ್ನೆ. ಹಿಂದಿನ ಬೆಂಚಿನಿಂದ ಬೇಕರಿಯವನ ಹೆಂಡತಿ ಅವಳನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ ಸಂಜೆಗೆ ಸ್ಟೂಲು ತುಂಬುತ್ತದೆ, ಮೇಷ್ಟರು ಜೈಲಿಗೆ ಹೋಗುತ್ತಾರೆ.

"ಹಾಕಿದ್ದೀನಿ ಸ್ವಾಮಿ," ಎಂದಳು ಇಸ್ತ್ರಿಯಮ್ಮ. "ಬೇಕರಿಯವ್ರಿಗೆ. ತಪ್ಪು ನನ್ದು."

ಸುದ್ದಿ ಅವಳಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಪೊಲೀಸರು ಬರುವ ಮುಂಚೆಯೇ ಬೇಕರಿಯವನ ಮನೆ ಮುಂದೆ ಲೋಕವೇ ಕಲ್ಲು ಹಿಡಿದು ನಿಂತಿತ್ತು. ಇಸ್ತ್ರಿಯಮ್ಮ ಏದುಸಿರು ಬಿಡುತ್ತ ನುಗ್ಗಿ, ಅವರ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.

"ಏಳು ಅಜ್ಜಿ. ಅವನೇ ಅಂತ ನೀನೇ ಹೇಳಿದ್ದೀಯಲ್ಲ," ಎಂದ ಒಬ್ಬ.

"ಮೊನ್ನೆ ಮೇಷ್ಟ್ರು ಅಂತಾನೂ ನಾನೇ ಹೇಳಿದ್ದೆ. ಇವನಿಗೂ ಒಬ್ರು ವಕೀಲ್ರು ಬರ್ಲಿ, ಇವನ ಮಾತೂ ಜಡ್ಜು ಕೇಳ್ಲಿ. ಆಮೇಲೆ, ನಿಮ್ಮ ಬಟ್ಟೇನೂ ನನ್ನ ಹತ್ರಾನೇ ಬರೋದು ಕಣ್ರಪ್ಪಾ. ಆ ಮಂಗಳವಾರ ಯಾರ್ಯಾರ ತೋಳಲ್ಲಿ ರಕ್ತದ ಕಲೆ ಇತ್ತು, ಹೇಳ್ಲಾ?"

ಶುದ್ಧ ಸುಳ್ಳು. ಅವಳು ಒಂದು ಕಲೆಯನ್ನೂ ಕಂಡಿರಲಿಲ್ಲ. ಆದರೆ ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಬೀದಿ ಖಾಲಿಯಾಯಿತು.

ಅವಳು ಬಾಗಿಲು ತಟ್ಟಿದಳು. "ಹೋದ್ರು ಕಣೇ. ತೆಗಿ."

ಒಳಗೆ ಯಾರೋ ಬಾಗಿಲಿನವರೆಗೆ ನಡೆದು ಬಂದರು, ನಿಂತರು. ಮೇಲಿನ ಚಿಲಕವನ್ನೂ ಹಾಕಿಕೊಂಡ ಸದ್ದಾಯಿತು.

ಜನ ಮತ್ತೆ ಬಂದರೆ ಕಷ್ಟ ಎಂದುಕೊಂಡು ಇಸ್ತ್ರಿಯಮ್ಮ ಪೊಲೀಸರು ಬರುವವರೆಗೆ ಮೆಟ್ಟಿಲ ಮೇಲೆಯೇ ಕೂತಳು.